ಕೋಟೆಗೋಡೆ ಮೇಲಿನವರ ಕಿವಿಗೆ ಬೀಳಲೆಂದೇ ಆಡಿದ ಮಾತು

ಯೆಹೂದ್ಯರ ಧರ್ಮಗ್ರಂಥದಲ್ಲಿ ಹೆದರಿಸುವವನು ಯಾರು ಅಂದರೆ ಎಲ್ಲರೂ ದೈತ್ಯ ಗೋಲಿಯಾತನ ಹೆಸರು ಹೇಳ್ತಾರೆ. ನನಗೆ ಅಶ್ಶೂರ (ಅಸ್ಸೀರಿಯಾ) ಸಾಮ್ರಾಜ್ಯದ ಅಧಿಕಾರಿ ರಬ್ಷಾಕೆಯನ್ನು ಕಂಡರೇ ಹೆಚ್ಚು ದಿಗಿಲು. ಅವನು ಕತ್ತಿ ಹಿರಿಯುವುದೇ ಇಲ್ಲ, ಬರೀ ಮಾತಾಡ್ತಾನೆ. ಅರಸುಗಳು ಪುಸ್ತಕದ ಎರಡನೆಯ ಭಾಗದ 18ನೇ ಅಧ್ಯಾಯ ಓದಿ ನೋಡಿ.

ಕ್ರಿ.ಪೂ. 701. ಅಶ್ಶೂರದ ಅರಸ ಸನ್ಹೇರೀಬ ಯೆಹೂದ ರಾಜ್ಯದ ಕೋಟೆಯೂರುಗಳನ್ನು ಒಂದೊಂದಾಗಿ ಹಿಡಿದು ಲಾಕೀಷಿನಲ್ಲಿ ಬೀಡುಬಿಟ್ಟಿದ್ದಾನೆ. 46 ಊರು ಹಿಡಿದೆ, ಯೆಹೂದದ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿ ಥರ ಕೂಡಿಹಾಕಿದೆ ಅಂತ ತನ್ನ ಶಾಸನದಲ್ಲಿ ತಾನೇ ಬರೆಸಿಕೊಂಡವನು. ಹಿಜ್ಕೀಯ 300 ತಲಾಂತು (ಆಗಿನ ತೂಕದ ಅಳತೆ) ಬೆಳ್ಳಿ, 30 ತಲಾಂತು ಚಿನ್ನ ಕಪ್ಪ ತೆತ್ತಿದ್ದಾಯ್ತು, ಅದಕ್ಕಾಗಿ ದೇವಾಲಯದ ಬಾಗಿಲಿನ ಚಿನ್ನವನ್ನೂ ಕೀಳಿಸಿದ್ದಾಯ್ತು. ಆದರೂ ರಾಜಧಾನಿ ಜೆರೂಸಲೇಮಿನ ಬಾಗಿಲಿಗೆ ದಂಡು ಬಂತು. ಮುಂದಾಳುಗಳಲ್ಲಿ ರಬ್ಷಾಕೆಯೂ ಒಬ್ಬ (ಇದು ಹುದ್ದೆಯ ಹೆಸರು). ಅವರು ಬಂದು ನಿಂತ ಜಾಗವಾದರೂ ಎಂಥದ್ದು! ಊರಿನ ನೀರಿನ ಕಾಲುವೆಯ ಪಕ್ಕ.

ರಬ್ಷಾಕೆ ಸುಳ್ಳು ಹೇಳಿ ಹೆದರಿಸೋದು ಕಡಿಮೆ. ಐಗುಪ್ತವನ್ನು (ಈಜಿಪ್ಟ್) ನಂಬಬೇಡಿ, ಅದು ಜಜ್ಜಿದ ಜೊಂಡು, ಊರಿದವನ ಅಂಗೈಗೇ ಚುಚ್ಚುತ್ತೆ ಅಂತಾನೆ. ಐಗುಪ್ತದ ನೆರವು ದಂಡ ಅಂತ ಪ್ರವಾದಿ ಯೆಶಾಯನೂ ಹೇಳಿದ್ದ. 2000 ಕುದುರೆ ನಾನೇ ಕೊಡ್ತೀನಿ, ಹತ್ತಿಸೋಕೆ ನಿಮ್ಮಲ್ಲಿ ಸವಾರರಿದ್ದಾರಾ ಅಂತ ಕೆಣಕ್ತಾನೆ. ಇನ್ನು ನಿಮ್ಮ ದೇವರಾದ ಯೆಹೋವನನ್ನು ನಂಬಿದ್ದೀರೋ, ಅವನ ಪೂಜಾಸ್ಥಳಗಳನ್ನು ಕೆಡವಿಸಿದ್ದು ನಿಮ್ಮ ಅರಸನೇ ಅಲ್ಲವೇ ಅಂತಾನೆ. ಊರಿನಲ್ಲಿ ಈ ಬಗ್ಗೆ ಒಳಗೊಳಗೇ ಗೊಣಗುತ್ತಿದ್ದವರು ಇದ್ದೇ ಇದ್ದಿರಬೇಕು. ಆ ಹುಣ್ಣಿಗೇ ಬೆರಳಿಟ್ಟ.

ಮಾತಾಡಲು ಹೊರಬಂದ ಹಿಜ್ಕೀಯನ ಅಧಿಕಾರಿಗಳಾದ ಎಲ್ಯಾಕೀಮ, ಶೆಬ್ನ, ಯೋವಾಹ ಇಲ್ಲಿ ಎಡವಿದರು. "ದಯವಿಟ್ಟು ಅರಾಮ್ಯ ಭಾಷೆಯಲ್ಲಿ ಮಾತಾಡಿ, ನಮಗೆ ಅರ್ಥವಾಗುತ್ತೆ. ಗೋಡೆ ಮೇಲಿನ ಜನಕ್ಕೆ ಕೇಳಿಸೋ ಹಾಗೆ ನಮ್ಮ ಭಾಷೆಯಲ್ಲಿ ಬೇಡ" ಅಂತ ಬೇಡಿಕೊಂಡರು. ಎಲ್ಲಿ ನೋಯುತ್ತೆ ಅಂತ ತಾವೇ ತೋರಿಸಿಕೊಟ್ಟ ಹಾಗಾಯ್ತು. ಅವನಿಗೆ ಬೇಕಿದ್ದದ್ದೂ ಅದೇ. ನಿಮ್ಮ ಜೊತೆಗೇ ಮಲ ತಿಂದು ಮೂತ್ರ ಕುಡಿಯಬೇಕಾದವರು ಅವರಲ್ಲವೇ ಅಂದವನೇ ದನಿ ಏರಿಸಿ ಯೆಹೂದ್ಯರ ಭಾಷೆಯಲ್ಲೇ ಕೂಗಿದ. ಈ ಸಲ ಆಸೆ ತೋರಿಸಿದ: ಶರಣಾಗಿ, ನಿಮ್ಮ ದ್ರಾಕ್ಷಿ, ನಿಮ್ಮ ಅಂಜೂರ ತಿನ್ನಿ, ನಿಮ್ಮ ಬಾವಿಯ ನೀರು ಕುಡಿಯಿರಿ, ನಾನು ಬಂದು ನಿಮ್ಮ ನಾಡಿನಂಥದ್ದೇ ಇನ್ನೊಂದು ನಾಡಿಗೆ ಕರೆದೊಯ್ಯುವ ತನಕ. ಗಡಿಪಾರಿನ ಆಜ್ಞೆಯನ್ನು ಹಣ್ಣಿನ ಬುಟ್ಟಿಯ ತಳದಲ್ಲಿಟ್ಟು ಕೊಟ್ಟ ಹಾಗೆ. ನೆರೆಯ ಇಸ್ರೇಲ್ ರಾಜ್ಯದ ರಾಜಧಾನಿ ಸಮಾರ್ಯದವರನ್ನು ಅಶ್ಶೂರದವರು ಎತ್ತಂಗಡಿ ಮಾಡಿ ಆಗಿನ್ನೂ ಇಪ್ಪತ್ತು ವರ್ಷ ಆಗಿತ್ತಷ್ಟೆ, ಗೋಡೆ ಮೇಲಿದ್ದವರಿಗೆ ಅದು ಹಳೇ ಕಥೆಯಲ್ಲ.

ಜನ ತುಟಿ ಬಿಚ್ಚಲಿಲ್ಲ. ಉತ್ತರ ಕೊಡಬೇಡಿ ಅಂತ ಅರಸನ ಅಪ್ಪಣೆಯಾಗಿತ್ತು. ಧೈರ್ಯವೋ, ಗಂಟಲು ಕಟ್ಟಿತ್ತೋ, ಬರೆದವನು ಹೇಳೋದಿಲ್ಲ. ಮುಂದೆ ಒಂದೇ ರಾತ್ರಿಯಲ್ಲಿ ಅಶ್ಶೂರದ ದಂಡಿನ 1,85,000 ಮಂದಿ ಸತ್ತರು ಅನ್ನುವ ಪವಾಡಕ್ಕೆ ಪ್ರವಚನಕಾರರು ಓಡಿಬಿಡ್ತಾರೆ, ನನಗೆ ಈ ಮೌನವೇ ದೊಡ್ಡದು.

ಇದೇ ಪ್ರಸಂಗ ಅದೇ ಧರ್ಮಗ್ರಂಥದ ಇನ್ನೊಂದು ಪುಸ್ತಕ ಪೂರ್ವಕಾಲವೃತ್ತಾಂತದಲ್ಲೂ ಬರುತ್ತೆ. ಅಲ್ಲಿ ಕಪ್ಪ ಕೊಟ್ಟ ಸುದ್ದಿಯೇ ಮಾಯ. ಜನರನ್ನು ಹೆದರಿಸಿ ಪಟ್ಟಣ ಹಿಡಿಯಲಿಕ್ಕೆ ಹೀಗೆ ಕೂಗಿದರು ಅಂತ ವಿವರಣೆ ಬೇರೆ. ಶತ್ರುವಿಗೆ ಅಷ್ಟು ಒಳ್ಳೆಯ ಮಾತು ಕೊಟ್ಟು, ತನ್ನ ಅರಸ ದೇವಾಲಯದ ಚಿನ್ನ ಕೀಳಿಸಿದ್ದನ್ನೂ ಮುಚ್ಚಿಡದ, ಅರಸುಗಳು ಪುಸ್ತಕ ಬರೆದ ಆ ಮೊದಲನೆಯವನೇ ನನಗೆ ಮೆಚ್ಚು.