ಜ್ಯೇಷ್ಠಮಧು ಕಷಾಯ ದಿನಾ ಕುಡಿಯಬಹುದೇ?

ಪರ: ಅಳತೆ ಗೊತ್ತಿದ್ದರೆ ಭಯವೇಕೆ?

ಗಂಟಲು ಕಟ್ಟಿದಾಗ, ಒಣಕೆಮ್ಮಿಗೆ, ಹುಳಿತೇಗಿಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಮದ್ದು ಜ್ಯೇಷ್ಠಮಧು. ಚರಕಸಂಹಿತೆಯ ನಾಲ್ಕು ಮೇಧ್ಯ (ಬುದ್ಧಿಗೆ ಬಲ ಕೊಡುವ) ರಸಾಯನಗಳಲ್ಲಿ ಅಮೃತಬಳ್ಳಿ, ಶಂಖಪುಷ್ಪಿಗಳ ಜೊತೆಗೆ ಹಾಲಿನಲ್ಲಿ ಕುಡಿಯುವ ಯಷ್ಟಿಮಧು, ಅಂದರೆ ಇದೇ ಜ್ಯೇಷ್ಠಮಧುವಿನ ಚೂರ್ಣವೂ ಇದೆ. ರಸಾಯನವನ್ನು ಯಾರೂ ಒಂದು ಹೊತ್ತು ಕುಡಿದು ಬಿಡುವುದಿಲ್ಲ.

ಗ್ರಂಥಿಗೆ ಅಂಗಡಿಯಲ್ಲಿ ಪುಡಿ ಬೇಡ, ಕಡ್ಡಿಯನ್ನೇ ಕೊಳ್ಳಿ. ಮುರಿದರೆ ಒಳಗೆ ಹಳದಿ, ನಾರುನಾರಾಗಿರಬೇಕು, ಅಗಿದರೆ ಸಿಹಿ. ಇದರ ಬದಲು ಗುಲಗಂಜಿ ಬೇರು ಕೊಡುವುದೂ ಉಂಟು, ಎಚ್ಚರ. 3 ಗ್ರಾಂ ಜಜ್ಜಿ ಎರಡು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ ಸೋಸಿ. ಬೆಲ್ಲ ಹಾಕಬೇಕಾಗಿಲ್ಲ.

ಜ್ಯೇಷ್ಠಮಧುವಿನಿಂದ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ ಎಂಬ ಗುಲ್ಲು ಹೆಚ್ಚಾಗಿ ಇದೇ ಬೇರಿನ ಸಾರ ಹಾಕಿದ ಯುರೋಪಿನ ಕರಿ ಮಿಠಾಯಿಯದು. ಪೊಟ್ಟಣಗಟ್ಟಲೆ ಮಿಠಾಯಿ ಮೆಲ್ಲುವವರ ಕಥೆಯನ್ನು ನಮ್ಮ ಒಂದು ಲೋಟ ಕಷಾಯಕ್ಕೆ ಗಂಟುಹಾಕುವುದು ಸರಿಯಲ್ಲ. ಬಿ.ಪಿ. ಇದ್ದವರು ವೈದ್ಯರನ್ನು ಕೇಳಲಿ. ಅದು ಯಾವ ಮದ್ದಿಗೂ ಅನ್ವಯಿಸುವ ಮಾತು. ಹತ್ತು ದಿನ ಕುಡಿದು ಬಿಡುವುದೇ ವಾಸಿ. ವರ್ಷವಿಡೀ ಕುಡಿಯಿರಿ ಎಂದು ನಾನೂ ಹೇಳಲಾರೆ.

ವಿರೋಧ: ಲೆಕ್ಕ ಹಾಕಿ ನೋಡಿ

ಸಿಹಿ ಕೊಡುವ ಗ್ಲಿಸಿರೈಝಿನ್ನೇ ಮೈಯ ಉಪ್ಪಿನ ಲೆಕ್ಕ ಕೆಡಿಸುವುದು. ಬೇರಿನಲ್ಲಿ ಅದು ಶೇ 4 ಇದೆಯೆನ್ನಿ, 3 ಗ್ರಾಂ ಪುಡಿಯಲ್ಲಿ 120 ಮಿ.ಗ್ರಾಂ. ಶೇ 20ರ ಸಾರ ತುಂಬಿದ 500 ಮಿ.ಗ್ರಾಂ ಕ್ಯಾಪ್ಸೂಲ್ ಒಂದರಲ್ಲಿ 100. ಯುರೋಪಿನ ಆಹಾರ ತಜ್ಞರ ಸಮಿತಿ ದಿನಕ್ಕೆ ಇಟ್ಟ ಮಿತಿ ಅಷ್ಟೇ, 100. ಚರಕನ ಹೆಸರು ಹೇಳಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯ ಮಾಡುವ ಒಂದು ಕಿಣ್ವವಿದೆ. ಜ್ಯೇಷ್ಠಮಧು ಅದರ ಕೈ ಕಟ್ಟುತ್ತದೆ. ಆಗ ಕಾರ್ಟಿಸಾಲ್ ಹೋಗಿ, ಮೈಯಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನಾದ ಆಲ್ಡೊಸ್ಟಿರೋನಿನ ಕೆಲಸಕ್ಕೆ ಕೂರುತ್ತದೆ: ಸೋಡಿಯಂ, ನೀರು ಮೈಯಲ್ಲೇ ಉಳಿಯುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಬಿ.ಪಿ. ಏರುತ್ತದೆ, ಪಾದ ಊದುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ಹೆಚ್ಚಾದರೆ ಎದೆಬಡಿತವೇ ತಪ್ಪುತ್ತದೆ. ಇದು ಬರೀ ಮಿಠಾಯಿಯ ಕಥೆಯೂ ಅಲ್ಲ. 1946ರಲ್ಲಿ ಡಚ್ ವೈದ್ಯ ರೆವರ್ಸ್ ಹೊಟ್ಟೆಹುಣ್ಣಿನ ರೋಗಿಗಳಿಗೆ ಮದ್ದೆಂದೇ ಇದರ ಸಾರ ಕೊಟ್ಟಾಗ ಕೆಲವರಿಗೆ ಬಾವು ಬಂದಿತ್ತು.

ಉಪ್ಪಿನಕಾಯಿ, ಹಪ್ಪಳ ಹೆಚ್ಚು ತಿನ್ನುವವರಲ್ಲಿ ಪೊಟ್ಯಾಸಿಯಂ ಇನ್ನೂ ಬೇಗ ಸೋರುತ್ತದೆ. ‘ಎಳನೀರು ಕುಡಿದರಾಯಿತು’ ಎನ್ನುವವರಿದ್ದಾರೆ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ಮೊದಲು ಕಷಾಯ ನಿಲ್ಲಬೇಕು. ನಿಲ್ಲಿಸಿದ ಮೇಲೂ ಪರಿಣಾಮ ಇಳಿಯಲು ಒಂದೆರಡು ವಾರ ಬೇಕು.

ಎಲ್ಲಕ್ಕಿಂತ ಅಪಾಯ ನೀರು ಹೋಗುವ ಮಾತ್ರೆ ನುಂಗುವವರಿಗೆ. ಫ್ಯೂರೋಸೆಮೈಡ್, ಹೈಡ್ರೋಕ್ಲೋರೋಥಯಾಝೈಡ್ ಎರಡೂ ಪೊಟ್ಯಾಸಿಯಂ ಕಳೆಯುವಂಥವೇ. ಹೃದಯದ ಮದ್ದು ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇಳಿದರೆ ಅದೇ ಮಾತ್ರೆ ವಿಷವಾಗಬಹುದು. ಆಸ್ತಮಾದ ಸಾಲ್ಬುಟಮಾಲ್ ಕೂಡ ರಕ್ತದ ಪೊಟ್ಯಾಸಿಯಮ್ಮನ್ನು ಜೀವಕೋಶದೊಳಗೆ ತಳ್ಳುತ್ತದೆ. ಕೆಮ್ಮಿಗೆಂದು ಈ ಕಷಾಯ ಹುಡುಕುವವರೂ ಅವರೇ! ಗರ್ಭಿಣಿಯರು ಮುಟ್ಟಲೇಬಾರದು.

ಹೊಟ್ಟೆಗಾಗಿಯೇ ಬೇಕಿದ್ದರೆ ಗ್ಲಿಸಿರೈಝಿನ್ ತೆಗೆದ ಸಾರ ಸಿಗುತ್ತದೆ. ಈಗಾಗಲೇ ದಿನಾ ಕುಡಿಯುತ್ತಿದ್ದು ಕಾಲು ಸೆಳೆಯುತ್ತಿದ್ದರೆ ಇವತ್ತೇ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಿ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿದ್ದರೆ ಇ.ಸಿ.ಜಿ. ಕೂಡ ಬೇಕಾಗಬಹುದು. ಕಷಾಯದ ವಿಷಯ ವೈದ್ಯರಿಗೆ ನೀವೇ ಹೇಳಿ. ಮಾತ್ರೆಗಳ ಪಟ್ಟಿಯಲ್ಲಿ ಅದನ್ನು ಯಾರೂ ಬರೆಸುವುದಿಲ್ಲ.