ಕೋರಿಕೆಗೆ ಕೊನೆಯ ತನಕ ಕಾಯಬೇಕೆ?

ನಮ್ಮ ಕಡೆಯ ಸಂಘಗಳ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಕೊನೆಗೆ ಸಾಮಾನ್ಯವಾಗಿ ಇರುವ ಸಾಲು: ‘ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು’. ಸದಸ್ಯರ ಕೋರಿಕೆಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಅಷ್ಟರಲ್ಲಿ ಲೆಕ್ಕಪತ್ರ ಮಂಜೂರಾಗಿ, ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ. ಲೆಕ್ಕ ಮುಗಿದ ಮೇಲೆ ಲೆಕ್ಕದ ಪ್ರಶ್ನೆ ಕೇಳಿ ಏನು ಫಲ?

ಇಲ್ಲಿ ಅಮೆರಿಕದಲ್ಲಿ ಬಹಳಷ್ಟು ಸಂಘಗಳು ನಡೆಯುವುದು ಸೇನೆಯ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಹೊರತಂದ ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಎಂಬ ಸಭಾ ನಿಯಮಗಳ ಪುಸ್ತಕದ ಪ್ರಕಾರ. ಅದರಲ್ಲಿ ಕೋರಿಕೆ ಹುಟ್ಟಿದ ಗಳಿಗೆಯಲ್ಲೇ ಅದಕ್ಕೆ ಜಾಗವಿದೆ. ಖರ್ಚಿನ ಠರಾವು ಚರ್ಚೆಯಲ್ಲಿದ್ದಾಗ ಎದ್ದು ‘ಮಾಹಿತಿ ಕೋರಿಕೆ’ ಎಂದರೆ ಸಾಕು, ಅನುಮೋದಕರು ಬೇಡ. ಆದರೆ ಮಾತು ಅಧ್ಯಕ್ಷರ ಕಡೆಗಿರಬೇಕು: ‘ಅಧ್ಯಕ್ಷರೇ, ಬಾಡಿಗೆ ಮುಂಗಡ ಎಷ್ಟು ಎಂದು ಖಜಾಂಚಿಯವರು ಹೇಳುವರೇ?’ ಖಜಾಂಚಿಯತ್ತ ತಿರುಗಿ ಕೇಳಿದರೆ ಇಬ್ಬರ ಜಗಳವಾಗುತ್ತದೆ. ಹೆಚ್ಚಾಗಿ ನಡೆಯುವ ತಪ್ಪೆಂದರೆ, ಕೇಳುವ ನೆಪದಲ್ಲಿ ತನಗೆ ಗೊತ್ತಿರುವುದನ್ನು ಹೇಳುವುದು. ಅದು ಭಾಷಣ. ಅಧ್ಯಕ್ಷರು ತಡೆಯಲೇಬೇಕು.

ನಿಯಮದ ಬಗೆಗಿನ ವಿಚಾರಣೆಯೇ ಬೇರೆ. ‘ಈಗ ತಿದ್ದುಪಡಿ ತರಬಹುದೇ?’ ಎಂದರೆ ಅಧ್ಯಕ್ಷರು ಕೊಡುವುದು ಅಭಿಪ್ರಾಯ, ತೀರ್ಪಲ್ಲ. ಅದರ ಮೇಲೆ ಮೇಲ್ಮನವಿ ಇಲ್ಲ. ತೀರ್ಪು ಬೇಕಿದ್ದರೆ, ನಮ್ಮ ವಿಧಾನಸಭೆಯಲ್ಲಿ ‘ಕ್ರಿಯಾಲೋಪ’ ಎನ್ನುತ್ತಾರಲ್ಲ, ನಿಯಮ ತಪ್ಪಿದೆ ಎಂಬ ಆ ಆಕ್ಷೇಪವನ್ನು ತಪ್ಪು ನಡೆದ ಕೂಡಲೇ ಎತ್ತಬೇಕು.

ಠರಾವು ಹಿಂದಕ್ಕೆ ಪಡೆಯುವ ರೀತಿ ನನಗೆ ಬಹಳ ಹಿಡಿಸಿದ್ದು. ಅಧ್ಯಕ್ಷರು ಠರಾವನ್ನು ಸಭೆಯ ಮುಂದಿಡುವ ತನಕ ಅದು ಸೂಚಕರದು, ಅಂದರೆ ಮಂಡಿಸಿದವರದು. ಇಟ್ಟ ಮೇಲೆ ಸಭೆಯ ಸೊತ್ತು. ‘ವಾಪಸ್ ತಗೊಂಡೆ’ ಎಂದು ಕೂತುಬಿಡುವ ಹಾಗಿಲ್ಲ. ಅಧ್ಯಕ್ಷರು ‘ಯಾರದಾದರೂ ಆಕ್ಷೇಪವಿದೆಯೇ?’ ಎಂದು ಕೇಳಿ ತುಸು ಕಾಯಬೇಕು. ಒಬ್ಬರು ಆಕ್ಷೇಪಿಸಿದರೂ ಕೋರಿಕೆ ಬಿದ್ದುಹೋಗುವುದಿಲ್ಲ, ಮತಕ್ಕೆ ಹೋಗುತ್ತದೆ; ಸರಳ ಬಹುಮತ ಸಾಕು. ಅನುಮೋದಕರ ಒಪ್ಪಿಗೆ ಕೇಳುವ ರೂಢಿ ಹಲವೆಡೆ ಇದೆ, ನಿಯಮದಲ್ಲಿಲ್ಲ.

ಮೈಕು ಕೇಳಿಸದಿದ್ದರೆ, ಸೆಕೆ ತಡೆಯದಿದ್ದರೆ ಭಾಷಣದ ನಡುವೆಯೂ ಹೇಳಬಹುದು.

ಇವೆಲ್ಲ ಕಟ್ಟುನಿಟ್ಟಾಗಿ ಅನ್ವಯಿಸುವುದು ಸಂಘ ಇವನ್ನು ಬೈಲಾದಲ್ಲಿ ಒಪ್ಪಿಕೊಂಡಿದ್ದರೆ. ಹತ್ತು-ಹನ್ನೆರಡು ಜನರ ಕಾರ್ಯಕಾರಿ ಸಮಿತಿಗೆ ಇಷ್ಟು ಬಿಗಿ ಬೇಕಿಲ್ಲ. ಊರಿನ ಸಂಘಗಳು ಕೊನೆಯ ಸಾಲನ್ನು ಹಾಗೇ ಉಳಿಸಿಕೊಳ್ಳಲಿ. ಆದರೆ ಪ್ರತಿ ಠರಾವನ್ನು ಮತಕ್ಕೆ ಹಾಕುವ ಮುನ್ನ ಅಧ್ಯಕ್ಷರು ‘ಈ ವಿಷಯದಲ್ಲಿ ಯಾರಿಗಾದರೂ ಮಾಹಿತಿ ಬೇಕೆ?’ ಎಂದು ಕೇಳಲಿ, ಉತ್ತರ ನಡಾವಳಿ ಪುಸ್ತಕಕ್ಕೂ ಏರಲಿ.