ಬೀರುವಿನ ಕಡೆ ಮುಖ ಮಾಡಿ

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ನನ್ನ ಎಲೆಕ್ಟ್ರಿಕ್ ಗಿಟಾರಿನಿಂದ ಒಂದು ಟೋನ್ ಬಂತು. ಜೇನು ಅಂದರೆ ಜೇನು. ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ ಇದೆಯಲ್ಲ, ಆಂಪ್, ಅದರ ನಾಬುಗಳೆಲ್ಲ ಎಲ್ಲೆಲ್ಲಿವೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟೇ ಮಲಗಿದೆ. ಬೆಳಿಗ್ಗೆ ನೋಡಿದರೆ ಅದೇ ಗಿಟಾರ್, ಅದೇ ಆಂಪ್. ಟೋನ್ ಮಾತ್ರ ಪರಾರಿ. ತಂತಿ ಮೀಟಿದರೆ ಖಾಲಿ ಡ್ರಮ್ಮಿನೊಳಗೆ ಯಾರೋ ಗೊರಕೆ ಹೊಡೆದ ಹಾಗೆ ಕೇಳುತ್ತಿತ್ತು.

ತಪ್ಪು ಕಿವಿಯದು. ಸದ್ದು ಕಮ್ಮಿ ಇದ್ದಾಗ ಕಿವಿಗೆ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಸರಿಯಾಗಿ ಕೇಳಿಸುವುದಿಲ್ಲ ಅಂತ ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ತೋರಿಸಿಕೊಟ್ಟಿದ್ದಾರೆ. ರಾತ್ರಿ ಎಲ್ಲರೂ ಮಲಗಿದ್ದರಿಂದ ಪಿಸುಮಾತಿನಷ್ಟು ವಾಲ್ಯೂಮ್ ಇಟ್ಟು, ಕಮ್ಮಿ ಬಿದ್ದ ಬೇಸನ್ನು ಧಾರಾಳವಾಗಿ ಏರಿಸಿದ್ದೆ. ಬೆಳಿಗ್ಗೆ ವಾಲ್ಯೂಮ್ ಜಾಸ್ತಿ ಮಾಡಿದೆ, ಬೇಸ್ ಮೈಮೇಲೆ ಎರಗಿತು. ಫೋಟೊದಲ್ಲಿ ಎಲ್ಲ ನಾಬೂ ಇದೆ. ವಾಲ್ಯೂಮಿನದು ಮಾತ್ರ ನನ್ನ ಹೆಬ್ಬೆರಳಿನ ಹಿಂದೆ.

ಸರಿ, ಬೇಸ್ ಇಳಿಸಿ, ಗಿಟಾರಿನಿಂದ ಬರುವ ಸಿಗ್ನಲ್ಲನ್ನು ಹಿಗ್ಗಿಸುವ ಗೇನ್ ಏರಿಸಿದೆ. ಗುಂಯ್ ಅನ್ನೋದಕ್ಕೆ ಶುರುವಾಯಿತು. ತಂತಿಯ ನಡುಕವನ್ನು ಹಿಡಿದು ಆಂಪಿಗೆ ಕಳಿಸುವ ಪಿಕಪ್ ನನ್ನದು ಸಿಂಗಲ್ ಕಾಯಿಲ್, ಅಂದರೆ ಒಂದೇ ತಂತಿಸುರುಳಿಯದು. ತಂತಿಯ ನಡುಕವನ್ನು ಹಿಡಿ ಅಂದರೆ, ಮನೆಯ ವೈರುಗಳಲ್ಲಿ ಸೆಕೆಂಡಿಗೆ 50 ಇಲ್ಲವೇ 60 ಸಲ ನಡುಗುವ ಕರೆಂಟನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಈ ಗುಂಯ್ ಅಡಗಿಸುವ ಹಂಬಕರನ್ನು ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲೇ ಮಾಡಿಟ್ಟಿದ್ದರು. ಅದು ಬೇಡ, ಇದರ ಸದ್ದು ತಿಳಿಯಾಗಿರುತ್ತೆ ಅಂತ ಹಟ ಹಿಡಿದು ಇದನ್ನೇ ತಂದವನು ನಾನು.

"ರೀ, ಫ್ರಿಜ್ ಯಾಕೋ ಸದ್ದು ಮಾಡ್ತಿದೆ, ನೋಡಿ" ಅಂತ ಅಡುಗೆಮನೆಯಿಂದ ಕೂಗು ಬಂತು. ಫ್ರಿಜ್ ಪಾಪ, ಸುಮ್ನಿತ್ತು.

ಇದಕ್ಕೊಂದು ಉಪಾಯ ಇದೆ. ಗಿಟಾರ್ ಯಾವ ದಿಕ್ಕಿಗೆ ತಿರುಗಿದೆ ಅನ್ನುವುದರ ಮೇಲೆ ಗುಂಯ್ ಏರುತ್ತೆ, ಇಳಿಯುತ್ತೆ. ಹಾಗಾಗಿ ಕೊರಳಿಗೆ ಗಿಟಾರ್ ಹಾಕಿಕೊಂಡು ನಿಂತಲ್ಲೇ ಪ್ರದಕ್ಷಿಣೆ ಶುರು ಮಾಡಿದೆ. ಕಿಟಕಿಯ ಕಡೆ ತಿರುಗಿದರೆ ಜೇನುಗೂಡು. ಟಿವಿಯ ಕಡೆ ತಿರುಗಿದರೆ ಹಿಟ್ಟಿನ ಗಿರಣಿ. ಬಾಗಿಲ ಕಡೆ ಸ್ವಲ್ಪ ವಾಸಿ. ಇನ್ನೊಂದು ಹೆಜ್ಜೆ ಸರಿದೆ, ಒಂಚೂರು ವಾಲಿದೆ, ಒಂದು ಮೊಣಕಾಲು ಬಗ್ಗಿಸಿದೆ. ನಿಶ್ಶಬ್ದ! ಬೀರುವಿಗೂ ನನ್ನ ಮೂಗಿಗೂ ನಡುವೆ ಒಂದು ಗೇಣು. ಕೇಬಲ್ ಕಾಲಿಗೆ ಎರಡು ಸುತ್ತು ಹಾಕಿತ್ತು. ಉಸಿರು ಬಿಗಿಹಿಡಿದು ಬಾರಿಸಿದೆ. ಆಹಾ, ರಾತ್ರಿಯದಕ್ಕಿಂತ ಒಂದು ಕೈ ಮೇಲು.

"ಅಪ್ಪಾ, ಬೀರು ಏನಂತೆ?" ಮಗಳು ಬಾಗಿಲಲ್ಲಿ ನಿಂತಿದ್ದಳು.

"ಶ್! ಟೋನ್ ಸಿಕ್ಕಿದೆ."

"ನನ್ನ ಯೂನಿಫಾರ್ಮ್ ಅದರೊಳಗಿದೆ."

"ಐದೇ ನಿಮಿಷ ಕಣೇ."

"ಸ್ಕೂಲ್ ವ್ಯಾನ್ ಬಂದಾಯ್ತು."

ಸರಿದೆ. ಗಿರಣಿ ಮತ್ತೆ ಶುರು.

ನನ್ನ ಮೊದಲ ಆಂಪಿಗೆ ಇದ್ದದ್ದು ಒಂದೇ ನಾಬ್. ಸಂಜೆ ಕೂತರೆ ಊಟಕ್ಕೆ ಮೂರು ಸಲ ಕೂಗುವವರೆಗೂ ಏಳುತ್ತಿರಲಿಲ್ಲ. ಅದರ ಟೋನ್ ಹೇಗಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.

ಮಗಳು ಹೋದಮೇಲೆ ಮತ್ತೆ ಬೀರುವಿನ ಮುಂದೆ ಹೋಗಿ ನಿಂತೆ. ಬಗ್ಗಿಸಿದ್ದು ಎಡಮೊಣಕಾಲೋ ಬಲಮೊಣಕಾಲೋ ಮರೆತುಹೋಗಿದೆ. ಫೋಟೊ ತೆಗೆದಿಟ್ಟುಕೊಳ್ಳಬೇಕಿತ್ತು.